ಕೆಂಪರಾಜು ಆರಿಸಿದ ನಿಧಾನದ ಹಾಡು

"ಹಾಡು ಆರಿಸೋದೂ ಒಂದು ಕೆಲಸವೇನಮ್ಮಾ? ನನಗೆ ಬಿಡು! ಶನಿವಾರ ನಿಮ್ಮ ಡ್ಯಾನ್ಸ್ ನೋಡಿ ದೇವನಹಳ್ಳಿ ಕೋಟೆನೇ ತಲೆದೂಗಬೇಕು, ಹಂಗೆ ಮಾಡ್ತೀನಿ!"

ಹೀಗೆ ಎದೆ ತಟ್ಟಿಕೊಂಡವನು ಮೈಕ್‌ಸೆಟ್ ಕೆಂಪರಾಜು. ಇಪ್ಪತ್ತೆರಡು ವರ್ಷಗಳಿಂದ ಅವನ ಸ್ಪೀಕರ್ ಕೂಗದೆ ಸುತ್ತಲಿನ ಹಳ್ಳಿಗಳಲ್ಲಿ ಒಂದು ಮದುವೆಯೂ ನಡೆದಿಲ್ಲ, ಒಂದು ಗಣಪತಿಯೂ ಮುಳುಗಿಲ್ಲ! ಎದುರಿಗೆ ನಿಂತಿದ್ದವಳು ಅರ್ಪಿತ. ವಿಮಾನ ನಿಲ್ದಾಣದ ಹತ್ತಿರದ ಹೋಟೆಲೊಂದರಲ್ಲಿ ಕೆಲಸ ಮಾಡಿಕೊಂಡೇ ಬೆಂಗಳೂರಿಗೆ ಓಡಾಡಿ ಸ್ವಿಂಗ್ ಡ್ಯಾನ್ಸ್ ಕಲಿತು ಬಂದ ಊರ ಹುಡುಗಿ. ಈಗ ಪ್ರತಿ ಶನಿವಾರ ಕೊಂಡಪ್ಪನವರ ಕಲ್ಯಾಣ ಮಂಟಪದ ಮಹಡಿಯಲ್ಲಿ ಹನ್ನೆರಡು ಮಂದಿ ನಡುವಯಸ್ಸಿನವರಿಗೆ ಅದನ್ನು ಕಲಿಸುತ್ತಿದ್ದಳು. ಆ ಹನ್ನೆರಡರಲ್ಲಿ ಕೆಂಪರಾಜುವಿನ ಹೆಂಡತಿ ಶಿಲ್ಪಾಳೂ ಒಬ್ಬಳು.

"ಇದು ನಿಧಾನದ ಸ್ವಿಂಗು, ಕೆಂಪರಾಜಣ್ಣ," ಎಂದಳು ಅರ್ಪಿತ. "ಓಡಂಗಿಲ್ಲ, ಹಾರಂಗಿಲ್ಲ. ಕೈ ಹಿಡ್ಕೊಂಡು ಹಾಡಿನ ಜೊತೆ ತೂಗೋದು. ಒಂದು ಹೆಜ್ಜೆಗೂ ಇನ್ನೊಂದಕ್ಕೂ ಮಧ್ಯೆ ಉಸಿರಾಡೋಕೆ ಜಾಗ ಇರ್ಬೇಕು. ಈ ಸಲ ಕೊಂಡಪ್ಪನೋರೇ ಬಂದು ನೋಡ್ತಾರಂತೆ. ಅವರಿಗೆ ಸರಿ ಕಾಣ್ಲಿಲ್ಲ ಅಂದ್ರೆ ಮಹಡಿಗೆ ಬೀಗ!"

ಬೀಗವೆಂದ ಕೂಡಲೇ ಕೆಂಪರಾಜುವಿಗೆ ಶಿಲ್ಪಾಳ ನಗು ನೆನಪಾಯಿತು. ಒಂದು ಶನಿವಾರ ಅವನು ಮಹಡಿಯ ಕಿಟಕಿಯಲ್ಲಿ ಕದ್ದು ಇಣುಕಿದ್ದ. ಇಪ್ಪತ್ತು ವರ್ಷ ಹೊಲಿಗೆ ಮಿಷನ್ ಮುಂದೆ ಬೆನ್ನು ಬಾಗಿಸಿದ್ದ ಶಿಲ್ಪ ಅಲ್ಲಿ ನೆಟ್ಟಗೆ ನಿಂತು, ನಗುತ್ತ, ಒಂದು ಸುತ್ತು ತಿರುಗಿದಳು. ಎಷ್ಟು ಚೆಂದ! ಇಂಥವಳನ್ನು ಕಟ್ಟಿಕೊಂಡೂ ಇಷ್ಟು ದಿನ ಆಂಪ್ಲಿಫೈಯರ್ ನೋಡಿಕೊಂಡು ಕೂತೆನಲ್ಲಾ ಎಂದು ತನ್ನನ್ನೇ ಬೈದುಕೊಂಡಿದ್ದ. ಆ ನಗುವಿಗೆ ಬೀಗ ಬೀಳಬಾರದು, ಅಷ್ಟೇ.

ಮನೆಯಲ್ಲಿ ಮೊದಲ ಪರೀಕ್ಷೆ ನಡೆಯಿತು. ತನ್ನ ಮೆರವಣಿಗೆ ಹಾಡುಗಳಲ್ಲಿ ಅತ್ಯಂತ ಸಾಧುವಾದದ್ದನ್ನು ಕೆಂಪರಾಜು ಹಾಕಿದ. ಅಡುಗೆಮನೆಯ ಲೋಟಗಳೇ ಮೊದಲು ಕುಣಿದವು!

"ರೀ, ನಿಲ್ಸ್ರೀ!" ಶಿಲ್ಪ ಕೂಗಿದಳು. "ಇದಕ್ಕೆ ಹೆಜ್ಜೆ ಹಾಕಿದ್ರೆ ನನ್ನ ಮಂಡಿಚಿಪ್ಪು ಚನ್ನರಾಯಪಟ್ಟಣದಲ್ಲಿ ಸಿಗುತ್ತೆ!"

"ಇನ್ನೂ ನಿಧಾನ ಬೇಕೇನೇ?"

"ತುಂಬಾ ನಿಧಾನ. ನಾನೇ ಆರಿಸ್ಲಾ?"

"ನೀನು ಬ್ಲೌಸಿಗೆ ಹುಕ್ ಆರಿಸು. ಹಾಡು ನನ್ನ ಇಲಾಖೆ!"

ಇಲಾಖೆಯ ಮಂತ್ರಿಗಳು ಎರಡು ದಿನ ತಲೆ ಕೆರೆದುಕೊಂಡರು. ನಿಧಾನದ ಹಾಡು ಬೇಕೆಂದು ಅವನನ್ನು ಕೇಳಿದವರಾದರೂ ಯಾರು? ಮದುವೆಯವರು ಕೇಳಿಲ್ಲ, ನಾಮಕರಣದವರು ಕೇಳಿಲ್ಲ. ಕೇಳಿದ್ದು ಸಾವಿನ ಮನೆಯವರು ಮಾತ್ರ! ಅದಕ್ಕೆಂದೇ ಅವನ ಬಳಿ ಒಂದು ಶಹನಾಯಿ ರೆಕಾರ್ಡಿಂಗ್ ಇತ್ತು. ಅದು ಎಷ್ಟು ನಿಧಾನವೆಂದರೆ ಒಂದು ಸ್ವರ ಮುಗಿಯುವಷ್ಟರಲ್ಲಿ ಒಂದು ಲೋಟ ಕಾಫಿ ಕುಡಿದು ಮುಗಿಸಬಹುದು. ಅದರಲ್ಲಿ ಮಾತಿಲ್ಲ, ಬರೀ ಊದುವುದು. "ಮಾತೇ ಇಲ್ಲದ ಮೇಲೆ ಯಾರಿಗೆ ಗೊತ್ತಾಗುತ್ತೆ?" ಎಂದು ಕೆಂಪರಾಜು ತನ್ನ ಬೆನ್ನನ್ನು ತಾನೇ ತಟ್ಟಿಕೊಂಡ.

ಶನಿವಾರ ಸಂಜೆ ಐದಕ್ಕೆ ಕೊಂಡಪ್ಪನವರು ಊರುಗೋಲು ಹಿಡಿದು ಮುಂದಿನ ಕುರ್ಚಿಯಲ್ಲಿ ಕೂತರು. ವಯಸ್ಸು ಎಪ್ಪತ್ತೆಂಟು. ನೆಗಡಿ ಜ್ವರವೆಂದು ಒಂದು ವಾರದಿಂದ ಪೇಟೆಯಲ್ಲಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಕೆಂಪರಾಜು ಒಳಗೆರಡು ಸ್ಪೀಕರ್ ಇಟ್ಟ. ಕಸುಬಿನ ಅಭ್ಯಾಸ ನೋಡಿ, ಕೈ ತಾನಾಗಿಯೇ ಹೋಗಿ ಬಾಲ್ಕನಿಯಲ್ಲಿ ಪೇಟೆಗೆ ಮುಖ ಮಾಡಿ ಒಂದು ಹಾರ್ನ್ ಸ್ಪೀಕರನ್ನೂ ಕಟ್ಟಿತು! ಗುಂಡಿ ಒತ್ತಿದ.

ಶಹನಾಯಿ ಅಳತೊಡಗಿತು. ಅರ್ಪಿತ "ಒಂದೂ... ಎರಡೂ..." ಎಂದು ಎಣಿಸಿದಳು. ಹೆಂಗಸರು ಹಿಡಿದ ಕೈ ಬಿಟ್ಟು ತಲೆಯ ಮೇಲೆ ಸೆರಗು ಎಳೆದುಕೊಂಡರು. ನಿವೃತ್ತ ಕಂಡಕ್ಟರ್ ಸಿದ್ದರಾಜು ಮೆಲ್ಲಗೆ ಚಪ್ಪಲಿ ಬಿಟ್ಟು, ಕೈ ಕಟ್ಟಿ ನಿಂತ.

"ರೀ, ಇದು ಆ ಹಾಡಲ್ವಾ?" ಶಿಲ್ಪ ಹಲ್ಲು ಕಚ್ಚಿ ಕೇಳಿದಳು.

"ಮಾತಿಲ್ವಲ್ಲೇ!"

"ಊರಿಗೆಲ್ಲ ಬಾಯಿಪಾಠ ಆಗಿದೆ ಕಣ್ರೀ!"

ಊರಿಗೆ ನಿಜಕ್ಕೂ ಬಾಯಿಪಾಠವಾಗಿತ್ತು. ಕೊಂಡಪ್ಪನವರು ವಾರದಿಂದ ಕಾಣಿಸಿಲ್ಲ, ಅವರದೇ ಮಂಟಪದಿಂದ ಆ ಶಹನಾಯಿ ಕೇಳುತ್ತಿದೆ. ಇನ್ನೇನು ಬೇಕು? ಐದೇ ನಿಮಿಷದಲ್ಲಿ ಮೆಟ್ಟಿಲು ದಡದಡ ಸದ್ದು ಮಾಡಿತು. ಮೊದಲು ನುಗ್ಗಿದವರು ಕೊಂಡಪ್ಪನವರ ತಂಗಿ ಅಂಜಿನಮ್ಮ. ಹಿಂದೆ ಹಾರ ಹಿಡಿದ ಮೂವತ್ತು ಜನ!

"ಅಯ್ಯೋ ನನ್ನಣ್ಣಾ! ಹೇಳ್ದೆ ಕೇಳ್ದೆ ಹೋಗ್ಬಿಟ್ಯಲ್ಲೋ!"

ಕೊಂಡಪ್ಪನವರು ತಿರುಗಿ, "ಯಾರಮ್ಮಾ ಹೋಗಿದ್ದು?" ಎಂದರು.

"ನೀನೇ ಕಣಣ್ಣಾ!" ಎಂದು ಬಿಕ್ಕಿದ ಅಂಜಿನಮ್ಮ, ಯಾರಿಗೆ ಹೇಳಿದೆ ಎಂದು ತಲೆ ಎತ್ತಿ ನೋಡಿ, ಕಿಟಾರನೆ ಕಿರುಚಿಕೊಂಡರು.

ಕೆಂಪರಾಜುವಿಗೆ ತನ್ನದೇ ಪೆಟ್ಟಿಗೆಯ ಗುಂಡಿ ಸಿಗಲಿಲ್ಲ. ಶಿಲ್ಪ ಬಂದು ಒಂದೇ ಏಟಿಗೆ ವೈರ್ ಕಿತ್ತಳು. ಅರ್ಪಿತಾಳ ಕಣ್ಣು ತುಂಬಿತ್ತು. ಕೊಂಡಪ್ಪನವರ ಮುಖ ಕೆಂಪಾಗಿತ್ತು. ಶಿಲ್ಪ ಯಾರನ್ನೂ ಕೇಳಲಿಲ್ಲ. ತನ್ನ ಫೋನನ್ನು ಪೆಟ್ಟಿಗೆಗೆ ಸಿಕ್ಕಿಸಿ ಒಂದು ಹಾಡು ಹಾಕಿದಳು. ಕಪ್ಪು-ಬಿಳುಪು ಕಾಲದ ಸಿನಿಮಾದ ಕ್ಲಬ್ ಹಾಡು. ಕೆಳಗೆ ದಪ್ಪ ತಂತಿ ದುಂ... ದುಂ... ಎಂದು ಆರಾಮವಾಗಿ ನಡೆಯುತ್ತಿತ್ತು, ಮೇಲೆ ಕ್ಲಾರಿನೆಟ್ ತುಂಟತನ ಮಾಡುತ್ತಿತ್ತು. ಅರ್ಪಿತಾಳ ಕೈ ಹಿಡಿದು ಶಿಲ್ಪ ಹೆಜ್ಜೆ ಹಾಕಿದಳು. ಅವಸರವಿಲ್ಲ, ಆಲಸ್ಯವೂ ಇಲ್ಲ! ಉಳಿದ ಜೋಡಿಗಳೂ ಸೇರಿದವು. ಹಾರ ತಂದವರ ತಲೆ ತೂಗಿತು. ಅಂಜಿನಮ್ಮ ಕಣ್ಣು ಒರೆಸಿಕೊಳ್ಳುತ್ತಲೇ ಕಾಲು ತಟ್ಟತೊಡಗಿದರು.

ಹಾಡು ಮುಗಿದಾಗ ಕೆಂಪರಾಜು ಬಾಯಿ ತೆರೆದುಕೊಂಡೇ ನಿಂತಿದ್ದ. "ಇದೇ ಹಾಡು ಅಂತ ನಿನಗೆ ಹೆಂಗೇ ಗೊತ್ತಾಯ್ತು?"

"ಮಿಷನ್ ತುಳಿದಿರೋ ಕಾಲು ಕಣ್ರೀ ಇದು. ಓಡೋ ಹಾಡಿಗೆ ತುಳಿದ್ರೆ ದಾರ ಕಿತ್ತೋಗುತ್ತೆ. ಅಳೋ ಹಾಡಿಗೆ ಸೂಜಿನೇ ಇಳಿಯಲ್ಲ. ಸೀರೆ ಅಂಚು ಹೊಲಿಯೋಕೆ ಅಂತಾನೇ ಕೆಲವು ಹಾಡು ಇಟ್ಕೊಂಡಿದ್ದೀನಿ. ಅದರಲ್ಲೊಂದು ಇದು."

ಇಪ್ಪತ್ತೆರಡು ವರ್ಷದ ಸರ್ವಿಸು ಅಲ್ಲಿಯೇ ತಲೆಬಾಗಿತು. ಪುಣ್ಯಾತ್ಗಿತ್ತಿ, ಮನೆಯಲ್ಲೇ ಇದ್ದಳಲ್ಲಾ!

ಎಲ್ಲರೂ ಕೊಂಡಪ್ಪನವರತ್ತ ನೋಡಿದರು. ಅವರು ಹಾರ ಹಿಡಿದವರನ್ನು ಒಬ್ಬೊಬ್ಬರನ್ನಾಗಿ ದಿಟ್ಟಿಸಿ, ಗಂಟಲು ಸರಿಮಾಡಿಕೊಂಡರು.

"ನನಗೋಸ್ಕರ ಇಷ್ಟು ಜನ ಅಳ್ತಾರೆ ಅಂತ ಗೊತ್ತೇ ಇರ್ಲಿಲ್ಲ. ಅರ್ಪಿತಮ್ಮಾ, ಮಹಡಿ ನಿಮ್ಮದೇ. ಆದ್ರೆ ಇನ್ಮೇಲೆ ಹಾಡು ಹಾಕೋದು ಶಿಲ್ಪಮ್ಮ."

"ಆಗ್ಲಿ ಯಜಮಾನ್ರೇ," ಎಂದ ಕೆಂಪರಾಜು ಮೆಲ್ಲಗೆ. "ಡ್ಯಾನ್ಸಿಗೆ ಅವಳೇ ಹಾಕ್ಲಿ. ಉಳಿದ ಕಾರ್ಯಗಳಿಗೆ ನಾನು ಇದ್ದೇ ಇದ್ದೀನಲ್ಲ?"

"ಲೋ ಕೆಂಪರಾಜಾ, ನಾನು ನಿಜವಾಗ್ಲೂ ಹೋದ ದಿನಾನೂ ಆಯಮ್ಮನೇ ಹಾಕ್ಲಿ ಕಣೋ. ನಿನ್ನ ಹಾಡಿಗೆ ಒಂದು ಸಲ ಸತ್ತಿದ್ದು ಸಾಕು!"