ಮುನಿರಾಜು ಚಂದ್ರನನ್ನು ಕಂಡದ್ದು

ಯುಗಾದಿಯ ಮಾರನೆಯ ದಿನ, ಹೊಸತೊಡಕಿನ ಬೆಳಿಗ್ಗೆ, ಪಕ್ಕದ ಮನೆಯ ರಾಮಕ್ಕ ಬಂದವರೇ ಮುನಿರಾಜುವಿನ ಮೂಗಿನ ಮೇಲಿದ್ದ ಕನ್ನಡಕವನ್ನು ಕಿತ್ತುಕೊಂಡರು.

"ಹೆಣ್ಣಿನ ಅಪ್ಪ ಬರೋ ದಿನ ಇದನ್ನ ಹಾಕ್ಕೊಂಡು ಕೂತಿದೀಯಲ್ಲೋ. ಅರ್ಧ ಕುರುಡನಿಗೆ ಯಾರು ಹೆಣ್ಣು ಕೊಡ್ತಾರೆ?"

ಮುನಿರಾಜುವಿಗೆ ಮೂವತ್ತೊಂದು. ರಾಜಾಜಿನಗರದ ಒಂದು ಕಾರ್ಖಾನೆಯಲ್ಲಿ ಗುಮಾಸ್ತ. ಆಗಲೇ ಮೂರು ಕಡೆಯವರು ಅವನ ದಪ್ಪ ಗಾಜು ನೋಡಿ, ಕಾಫಿ ಕುಡಿದು, ಕಾಗದ ಬರೀತೀವಿ ಎಂದು ಹೋಗಿದ್ದರು. ಇವತ್ತು ಬರುವವರು ಸುಂಕದಕಟ್ಟೆಯ ಚಿಕ್ಕಹನುಮಯ್ಯ. ಕರೆತರುವವನು ಆಫೀಸಿನ ಗೆಳೆಯ ಮರಿಯಪ್ಪ. ಹುಡುಗಿಯ ಫೋಟೋ ನೋಡಿದಾಗಿನಿಂದ ಮುನಿರಾಜುವಿಗೆ ಊಟ ರುಚಿಸುತ್ತಿರಲಿಲ್ಲ. ಮದುವೆಯಾದರೆ ಇವಳನ್ನೇ ಎಂದು ಹಟ ಹಿಡಿದಿದ್ದ.

"ಒಂದು ದಿನ ತಾನೇ, ನಿಭಾಯಿಸ್ತೀನಿ," ಎಂದ. ರಾಮಕ್ಕ ಕನ್ನಡಕವನ್ನು ರಾಗಿ ಡಬ್ಬದಲ್ಲಿ ಹೂತು ಮುಚ್ಚಳ ಹಾಕಿದರು. ಜಗತ್ತು ಕಲಗಚ್ಚಿನಲ್ಲಿ ಅದ್ದಿದ ಹಾಗಾಯಿತು.

ಮಧ್ಯಾಹ್ನ ಅತಿಥಿಗಳು ಬಂದರು. ಮಂಚದ ಮೇಲೆ ಕೂತ ಚಿಕ್ಕಹನುಮಯ್ಯನವರ ಕಾಲಿಗೆ ಬೀಳಲು ಹೋಗಿ ಮುನಿರಾಜು ಮಂಚದ ಕಾಲನ್ನೇ ಮುಟ್ಟಿ ಕಣ್ಣಿಗೊತ್ತಿಕೊಂಡ.

"ಅದು ಅವರಪ್ಪನ ಕಾಲದ ಮಂಚ," ಎಂದರು ತಾಯಿ ಅಕ್ಕಯ್ಯಮ್ಮ, ತಡವರಿಸದೆ. "ಹಬ್ಬದಲ್ಲಿ ಅದಕ್ಕೂ ಕೈ ಮುಗೀತಾನೆ."

ಊಟಕ್ಕೆ ಕೂತಾಗ ಮುದ್ದೆ ಮುರಿದು ಪಕ್ಕದ ಮರಿಯಪ್ಪನ ಎಲೆಯ ಬಾಡಿನ ಸಾರಿಗೆ ಅದ್ದಿದ. "ಸ್ನೇಹ ಅಂದ್ರೆ ಹಂಗೆ," ಎಂದರು ರಾಮಕ್ಕ. ಚಿಕ್ಕಹನುಮಯ್ಯ ಮೂಳೆ ಕಡಿದರು.

ಸಂಜೆ ಬೀದಿಗೆ ಬೀದಿಯೇ ಪಡುವಣದ ಬಯಲಿಗೆ ಹೊರಟಿತು. ಯುಗಾದಿ ಚಂದ್ರನನ್ನು ಕಂಡರೆ ಚೌತಿ ಚಂದ್ರನ ಅಪವಾದ ಕಳೆಯುತ್ತದೆ; ಕಂಡ ಮೇಲೆ ಹಿರಿಯರ ಕಾಲಿಗೆ ಬೀಳಬೇಕು. ಬೇಸಾಯದವರಿಗೆ ಇನ್ನೂ ಒಂದು ಕೆಲಸ. ಚಂದ್ರನ ಯಾವ ಕೊಂಬು ಮೇಲಿದೆ ಎಂದು ನೋಡಿ ವರ್ಷದ ಮಳೆ ಬೆಳೆ ಅಂದಾಜು ಮಾಡುವುದು.

"ಅಗೋ," ಎಂದಿತು ಬೀದಿ.

"ನನಗೆ ವಯಸ್ಸಾಯ್ತು, ಇಷ್ಟು ಸಣ್ಣದು ಕಾಣಲ್ಲ," ಎಂದರು ಚಿಕ್ಕಹನುಮಯ್ಯ. "ನೀವು ನೋಡಿ ಹೇಳಿ. ಯಾವ ಕೊಂಬು ಮೇಲಿದೆ?"

ಮುನಿರಾಜುವಿಗೆ ಆಕಾಶವೇ ಸರಿಯಾಗಿ ಕಾಣುತ್ತಿರಲಿಲ್ಲ. ಇರುವುದು ಎರಡೇ ಕೊಂಬು ಎಂದು ಧೈರ್ಯ ತಂದುಕೊಂಡ.

"ತೆಂಕಲ ಕೊಂಬು. ಒಂದು ಕೂದಲೆಳೆಯಷ್ಟು ಮೇಲೆ."

"ಸರಿಯಾಗೇ ಹೇಳ್ದ," ಎಂದರು ಸುತ್ತ ಇದ್ದವರು.

"ಹಂಗಾದ್ರೆ ಕನ್ನಡಕ?" ಎಂದು ಕೇಳಿದರು ಚಿಕ್ಕಹನುಮಯ್ಯ.

"ನಮ್ಮ ವಂಶದಲ್ಲೇ ಇಲ್ಲ," ಎಂದ ಮುನಿರಾಜು. " ಹಾಕ್ಕೊಂಡೋರನ್ನ ಕಂಡ್ರೆ ಅಯ್ಯೋ ಪಾಪ ಅನ್ಸುತ್ತೆ."

ಚಿಕ್ಕಹನುಮಯ್ಯ ಹೆಗಲ ಮೇಲಿನ ವಲ್ಲಿ ಕೊಡವಿಕೊಂಡರು.

"ನನ್ನ ಮಗಳು ಎಂಟು ವರ್ಷದಿಂದ್ಲೂ ದಪ್ಪ ಕನ್ನಡಕ ಹಾಕ್ತಾಳೆ. ಫೋಟೋಗೆ ಅಂತ ತೆಗೆಸಿದ್ವಿ. ನೀವೂ ಹಾಕೋರು, ಅದರ ಕಷ್ಟ ಬಲ್ಲೋರು ಅಂತ ಮರಿಯಪ್ಪ ಹೇಳಿದ್ದಕ್ಕೇ ಬಂದೆ. ಅವನಿಗೇನೋ ತಪ್ಪು ತಿಳಿದಿದೆ. ಕೆಂಗೇರೀಲಿ ಒಬ್ಬ ಕನ್ನಡಕದ ಹುಡುಗ ಇದಾನೆ. ನೇರ ಹೋಗಿ ಇವತ್ತೇ ಮಾತು ಕೊಟ್ಬಿಡ್ತೀನಿ."

"ಇಲ್ಲ, ನನಗೂ ಇದೆ. ರಾಗಿ ಡಬ್ಬದಲ್ಲಿದೆ."

"ನನ್ನ ಸಮಾಧಾನಕ್ಕೆ ಸುಳ್ಳು ಹೇಳ್ಬೇಡಪ್ಪ," ಎಂದು ಮುದುಕರು ಅವನ ಬೆನ್ನು ತಟ್ಟಿದರು. "ಒಳ್ಳೆ ಮನಸ್ಸು ನಿಂದು." ಮರಿಯಪ್ಪ ಆಣೆಯಿಟ್ಟರೂ ನಂಬಲಿಲ್ಲ.

ಮುನಿರಾಜು ಮನೆಗೆ ಓಡಿದ, ಎರಡು ಕಡೆ ಎಡವಿದ, ಮೊಣಕೈವರೆಗೆ ರಾಗಿಯಲ್ಲಿ ತಡಕಿದ. ಕನ್ನಡಕ ಏರಿಸಿಕೊಂಡು ವಾಪಸು ಬಂದಾಗ ಮಾಗಡಿ ರಸ್ತೆಯ ತಿರುವಿನಲ್ಲಿ ಚಿಕ್ಕಹನುಮಯ್ಯ ಹತ್ತಿದ್ದ ಜಟಕಾಗಾಡಿಯ ಬೆನ್ನು ಸ್ಪಷ್ಟವಾಗಿ ಕಂಡಿತು.

ಮರಿಯಪ್ಪ ತಲೆ ಮೇಲೆ ಕೈ ಹೊತ್ತು ಕೂತಿದ್ದ.

"ಊಟದ ಹೊತ್ತಿಂದ ಅವರಿಗೆ ಕಾಣದ ಹಾಗೆ ಕಣ್ಣಿನ ಸುತ್ತ ಬೆರಳು ಸುತ್ತಿ ಸುತ್ತಿ ತೋರಿಸಿದೆನಲ್ಲೋ, ಕನ್ನಡಕ ಹಾಕ್ಕೋ ಅಂತ. ಒಂದು ಸಲವಾದ್ರೂ ನೋಡ್ಬಾರ್ದಿತ್ತಾ?"

ಮುನಿರಾಜು ಗಾಜಿಗೆ ಅಂಟಿದ್ದ ರಾಗಿ ಒರೆಸಿಕೊಂಡ.

"ಅದನ್ನ ನೋಡೋಕೂ ಕನ್ನಡಕ ಬೇಕಲ್ಲೋ, ಮರಿಯಪ್ಪ."