ಕೊಟ್ಟೂರಿನ ಸೇಬಿಗೆ ಚಾಟ್ನಿ

ನಮ್ಮ ಮನೆಯವರ ಎದುರು ಯಾವ ಗಿಡವೂ ತನ್ನ ಮನಸ್ಸಿಗೆ ಬಂದಷ್ಟು ಬೆಳೆಯುವಂತಿಲ್ಲ! ಪೇರಲವೋ, ನಿಂಬೆಯೋ, ಒಂದು ಟೊಂಗೆ ಚಾಚಿತೋ, ಬಂತು ಕತ್ತರಿ. ಬೇರೆ ಗಂಡಸರು ಜೇಬಿನಲ್ಲಿ ಎಲೆ-ಅಡಿಕೆ ಇಟ್ಟುಕೊಂಡರೆ ಇವರು ಕತ್ತರಿ ಇಟ್ಟುಕೊಳ್ಳುತ್ತಾರೆ. ಹಗರಿಬೊಮ್ಮನಹಳ್ಳಿ ಕಡೆ ದಾಳಿಂಬೆ ತೋಟದಲ್ಲಿ ದುಡಿದು ಕಲಿತ ವಿದ್ಯೆ. ಹಣ್ಣು ಹಿಡಿಯಲೆಂದು ಟೊಂಗೆ ಸವರುವುದಕ್ಕೆ ಅಲ್ಲಿ ಚಾಟ್ನಿ ಅಂತಾರೆ. ನಾನು ಹುಚ್ಚು ಅಂತೀನಿ!

ಮಗಳಿಗೆ ಗಂಡು ನೋಡಲು ಇಲ್ಲೇ ನಮ್ಮ ಸೀಮೆಯ ಅರಸೀಕೆರೆಗೆ ಹೋದಾಗ ಏನಾಯ್ತು ಕೇಳ್ರಿ. ಮಾತುಕತೆ ನಡೆದೈತಿ, ಚಾ ಬಂದೈತಿ, ಇವರೇ ಇಲ್ಲ! ಹಿತ್ತಲಿಂದ ಕಚಕ್ ಕಚಕ್ ಸಪ್ಪಳ. ಓಡಿಹೋಗಿ ನೋಡಿದರೆ ಅವರ ನಿಂಬೆ ಗಿಡ ಅರ್ಧ ನೆಲದ ಮೇಲೈತಿ.

“ಯವ್ವಾ, ಗಿಡಕ್ಕ ಕ್ಷೌರ ಮಾಡ್ಯಾರಲ್ರಿ!” ಹುಡುಗನ ತಾಯಿ ಎದೆ ಮೇಲೆ ಕೈ ಇಟ್ಟುಕೊಂಡರು.

“ಗಾಬರಿ ಆಗಬ್ಯಾಡ್ರಿ. ಒಳಗ ಗಾಳಿ-ಬೆಳಕು ಆಡ್ಲಿ ಅಂತ ಸವರೀನಿ,” ಅಂದರು ಇವರು.

ಸಂಬಂಧ ಮುರೀತು ಅಂತ ನಾನು ಚಾ ಬಿಟ್ಟು ಹೊರಟು ನಿಂತೆ. ಎಲ್ಲಿ ಮುರೀತು? ಕೂಡಿತು! ಮುಂದೆ ಆ ಗಿಡ ಮೈತುಂಬ ಕಾಯಿ ಬಿಟ್ಟು, ಬೀಗಿತ್ತಿ ಚೀಲಗಟ್ಟಲೆ ನಿಂಬೆಹಣ್ಣು ಕಳಿಸಿದರು. ಉಪ್ಪಿನಕಾಯಿ ಹಾಕಿ ಹಾಕಿ ನನ್ನ ರಟ್ಟೆ ಬಿದ್ದುಹೋದವು. ಸವರಿದವರು ಇವರು, ಸವೆದವಳು ನಾನು!

ಆಮೇಲೆ ತಂದರು ನೋಡ್ರಿ ಸೇಬಿನ ಗಿಡ. ಕೊಟ್ಟೂರಿಗೆ ಸೇಬು! ಓಣಿಯವರೆಲ್ಲ ನಕ್ಕರು. “ಇಲ್ಲಿ ಬಿಸಿಲಿಗೆ ಮನುಷ್ಯಾರೇ ಬಾಡ್ತಾರ, ಸೇಬು ಬದುಕ್ತೈತೇನ್ರಿ?”

“ಗಿಡಕ್ಕೇನು ಗೊತ್ತು ಇದು ಕೊಟ್ಟೂರಂತ? ಚಳಿಗಾಲದಾಗ ಎಲಿ ಎಲ್ಲಾ ಕಿತ್ತು ಟೊಂಗಿ ತುದಿ ಕತ್ತರಿಸಿದ್ರ, ನಾನು ಕಾಶ್ಮೀರದಾಗ ಅದೀನಿ ಅಂತ ತಿಳ್ಕಂಡು ಹೂ ಬಿಡ್ತೈತಿ!”

ಗಿಡಕ್ಕೇ ಮೋಸ ಮಾಡುವವರು ಹೆಂಡತಿಯನ್ನು ಬಿಟ್ಟಾರೇನ್ರಿ?

ಅಂತೂ ಗಿಡ ಹಣ್ಣು ಕೊಡುವ ವಯಸ್ಸಿಗೆ ಬಂತು. ಇವರಿಗೆ ಮದುವೆ ಗಂಡಿನ ಸಡಗರ! ಈ ಸಲ ಚಾಟ್ನಿ ತಪ್ಪಿದರೆ ಸೇಬು ಇಲ್ಲ. ಅದೇ ಹೊತ್ತಿಗೆ ಮಗಳು ಚೊಚ್ಚಲ ಹೆರಿಗೆಗೆ ಬಂದಳು. ಬಸುರಿ ಇರುವ ಮನೆಯಲ್ಲಿ ಹಸಿ ಗಿಡಕ್ಕೆ ಕತ್ತರಿ ಹಾಕಬಾರದು. ಇದು ನಮ್ಮವ್ವ ಹೇಳಿದ್ದು, ಅವಳಿಗೆ ಅವಳವ್ವ ಹೇಳಿದ್ದು. ಕತ್ತರಿಯನ್ನು ಟ್ರಂಕಿಗೆ ಹಾಕಿ ಬೀಗ ಜಡಿದೆ.

ಮರುದಿನ ನೋಡಿದರೆ ಇವರು ಸ್ಟೂಲಿನ ಮೇಲೆ ನಿಂತು ಒಂದೊಂದೇ ಎಲೆ ಕೀಳುತ್ತಿದ್ದಾರೆ!

“ಏನ್ರಿ ಇದು?”

“ಕತ್ರಿ ಮುಟ್ಟೀನೇನು? ಮೆಂತೇಪಲ್ಯ ಸೋಸಿದಂಗ ಸೋಸಾಕತ್ತೀನಿ.”

ಗಿಡ ಬೋಳಾಯಿತು. ತುದಿ ಕತ್ತರಿಸುವುದೊಂದು ಉಳಿಯಿತು. ಅದಕ್ಕೆ ದಿನಾ ಮುಂಜಾನೆ ಮಗಳ ಹೊಟ್ಟೆಗೇ ಅರ್ಜಿ: “ಲಗೂನ ಬಾ ಕೂಸ, ಚಾಟ್ನಿ ಹೊತ್ತು ಮೀರಾಕತ್ತೈತಿ!”

“ಅಪ್ಪಾ, ನಿನಗ ಕೂಸು ಬೇಕೋ, ಸೇಬು ಬೇಕೋ?” ಮಗಳು ನಗುತ್ತಲೇ ಗದರಿದಳು.

“ಎರಡೂ ಬೇಕವ್ವ. ಕೂಸಿಲ್ಲದ್ರ ಸೇಬು ಯಾರು ತಿನ್ನೋರು?”

ಬಂದಳು ನೋಡ್ರಿ ನಮ್ಮ ಮೊಮ್ಮಗಳು! ಬೆಣ್ಣೆ ಮುದ್ದೆ! ಓಣಿಗೆಲ್ಲ ಸಕ್ಕರೆ ಹಂಚಿದೆ. ಸಂತೋಷ ತಡೆಯದೆ ಕೊಟ್ಟವರಿಗೇ ಮತ್ತೊಮ್ಮೆ ಕೊಟ್ಟೆ. ಹಿತ್ತಲ ಪಡಸಾಲೆಯಲ್ಲಿ ತೊಟ್ಟಿಲು ಕಟ್ಟಿ, ಟ್ರಂಕು ತೆಗೆದು ಕತ್ತರಿಯನ್ನು ನಾನೇ ಇವರ ಕೈಗಿಟ್ಟೆ.

“ಹೋಗ್ರಿ, ಇನ್ನೂ ಹೊತ್ತೈತಿ. ಗಿಡ ಚಿಗಿಯೋದ್ರೊಳಗ ಕತ್ತರಸ್ರಿ!”

ಹೋದರು. ಒಂದೇ ಸಲ ಕಚಕ್ ಅಂತು. ಕೂಸು ಬೆಚ್ಚಿಬಿದ್ದು ತುಟಿ ಸೊಟ್ಟ ಮಾಡಿ ಅಳಲು ಸುರು! ಕತ್ತರಿಯನ್ನು ಅಲ್ಲೇ ಬಿಸಾಕಿ ಓಡಿ ಬಂದವರು ತೊಟ್ಟಿಲ ಹತ್ತಿರ ಕೂತರು. ಕೂತವರು ಏಳಲೇ ಇಲ್ಲ. ನಾಳೆ, ನಾಡಿದ್ದು ಅನ್ನುತ್ತಿರುವಾಗಲೇ ಗಿಡ ಇವರನ್ನು ಕಾಯದೆ ಚಿಗುರಿಬಿಟ್ಟಿತು. ಒಂದು ಹೂವಿಲ್ಲ, ಬರೀ ಎಲೆ!

“ಅಯ್ಯೋ, ಹೋತಲ್ರಿ ಈ ವರ್ಷದ ಸೇಬು!” ಹೊಟ್ಟೆ ಉರಿದದ್ದು ನನಗೆ.

ಕೂಸು ಇವರ ಒಂದು ಬೆರಳನ್ನು ಮುಷ್ಟಿಯಲ್ಲಿ ಹಿಡಿದು ನಿದ್ದೆ ಹೋಗಿತ್ತು. ಬೆರಳು ಅಲುಗಿಸದೆ, ಉಸಿರಿನಷ್ಟು ಮೆಲ್ಲಗೆ ಅಂದರು:

“ಸೇಬು ಮುಂದಿನ ವರ್ಷನೂ ಹಿಡೀತೈತಿ ಬಿಡ. ಈಕಿ ಮುಂದಿನ ವರ್ಷ ಇಷ್ಟು ಸಣ್ಣಾಕಿ ಇರ್ತಾಳೇನು?”