ತಿಗಣೆ ಕೇಳಿಕೊಂಡು ಹೋದಾಗ

ಮನೆಗೆ ಹಾವು ಬಂದರೆ ಜನ ಬೀದಿಗೆಲ್ಲ ಹೇಳಿಕೊಂಡು ಬರ್ತಾರೆ. ತಿಗಣೆ ಬಂದರೆ ಮಾತ್ರ ಬಾಯಿ ಬಿಡೋದಿಲ್ಲ. ಅದನ್ನು ಕೇಳಿಕೊಂಡು ಹೋದವನಿಗೆ ಒಂದಲ್ಲ ಒಂದು ಫಜೀತಿ ಆಗುತ್ತಲೇ ಇರುತ್ತೆ.

ನಾನು ತುಮಕೂರಿನ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರದ ಮೇಷ್ಟ್ರು. ತೊಂಬತ್ತರ ದಶಕದ ಕೊನೆಗೆ, ಹೋಯ್ತು ಅಂದುಕೊಂಡಿದ್ದ ತಿಗಣೆ ಮತ್ತೆ ಅಲ್ಲಲ್ಲಿ ಕಾಣಿಸಿಕೊಳ್ಳತೊಡಗಿತು. ನಮ್ಮ ವಿಭಾಗದ ಮುಖ್ಯಸ್ಥರು ನನ್ನ ಕೈಗೊಂದು ರಿಜಿಸ್ಟರು, ಒಂದಷ್ಟು ಪುಟ್ಟ ಸೀಸೆ ಕೊಟ್ಟು, ಯಾವ ಊರು, ಯಾವ ಮನೆ ಅಂತ ಬರೆದುಕೊಂಡು ಬನ್ನಿ, ಊರಿಗೊಂದಾದರೂ ಹಿಡಿದು ತನ್ನಿ ಅಂದರು.

ತುಮಕೂರು

ಮೊದಲು ಹೋಗಿದ್ದು ಹತ್ತಿ ಹಾಸಿಗೆ ಹೊಲಿಯುವ ಸಾಹೇಬರ ಮನೆಗೆ. ಅವರು ಮರ್ಯಾದೆಯಿಂದ ಕೂರಿಸಿ, ಟೀ ಕೊಟ್ಟು, ನಮ್ಮಲ್ಲಿಲ್ಲ ಸಾರ್, ಪಕ್ಕದ ಮನೇಲಿದಾವೆ, ನಾನು ಹೇಳ್ದೆ ಅನ್ನಬೇಡಿ ಅಂದರು. ಪಕ್ಕದ್ದು ಕೊಬ್ಬರಿ ವ್ಯಾಪಾರದ ಯಜಮಾನರ ಮನೆ. ಅವರು ಹಣೆಯ ವಿಭೂತಿ ಮುಟ್ಟಿಕೊಂಡು, ನಮ್ಮಲ್ಲಿ ಒಂದೂ ಇಲ್ಲ, ಸಾಹೇಬರ ಮನೇಲಿದಾವೆ, ಬೇಜಾರು ಮಾಡ್ಕೋತಾರೆ, ಕೇಳ್ಬೇಡಿ ಅಂದರು.

ಇಬ್ಬರೂ ಒಳ್ಳೇ ಜನ. ಯಾರ ಹೆಸರು ಬರೆಯೋದು ಅಂತ ತೋಚದೆ, ರಿಜಿಸ್ಟರಿನಲ್ಲಿ 'ಎರಡು ಮನೆಗಳ ನಡುವಿನ ಗೋಡೆ' ಅಂತ ಬರೆದೆ. ಮುಖ್ಯಸ್ಥರು ಅದನ್ನು ಓದಿ ಪೆನ್ನು ತೆಗೆದು, "ಗೋಡೆಯ ಡೋರ್ ನಂಬರ್ ಎಷ್ಟು?" ಅಂತ ಕೇಳಿದರು.

ಗುಬ್ಬಿ

ಜನ ಮುಚ್ಚಿಡೋದು ನಾಚಿಕೆಗೆ, ವಿವರಿಸಿ ಹೇಳಿದರೆ ಒಪ್ಪಿಕೊಳ್ತಾರೆ ಅಂದುಕೊಂಡೆ. ಗುಬ್ಬಿಯಲ್ಲಿ ಒಬ್ಬ ಅಜ್ಜಿ ಜಗಲಿ ಮೇಲೆ ರಾಗಿ ಕೇರ್ತಾ ಇದ್ದರು. ಅವರ ಮುಂದೆ ಸೀಸೆಗಳನ್ನು ಸಾಲಾಗಿಟ್ಟು, ತಿಗಣೆ ಒಂದು ಕಾಲಕ್ಕೆ ತೀರಾ ಕಮ್ಮಿಯಾಗಿತ್ತು, ಈಗ ಮತ್ತೆ ಬರ್ತಿದೆ, ಆ ಕೆಲಸಕ್ಕೇ ನಾನು ಬಂದಿರೋದು ಅಂತ ಬಿಡಿಸಿ ಹೇಳಿದೆ.

ಅಜ್ಜಿ ಮೊರ ಕೆಳಗಿಟ್ಟು, ಬಾಗಿಲಿಗೆ ಅಡ್ಡ ನಿಂತು ಕೈಮುಗಿದರು.

"ಇಲ್ಲಿ ಮಾತ್ರ ಬುಡಬೇಡಿ ಸ್ವಾಮಿ. ನಮ್ಮನೇಲೇ ಬೇಕಾದಷ್ಟವೆ."

ಕುಣಿಗಲ್

ಕುಣಿಗಲ್‌ಗೆ ಹೋಗಿದ್ದು ತಿಗಣೆ ಹುಡುಕೋಕಲ್ಲ, ಹುಡುಗಿ ನೋಡೋಕೆ. ಅಷ್ಟರಲ್ಲಿ ಎರಡು ಸಂಬಂಧ ತಪ್ಪಿಹೋಗಿದ್ದವು. ಈ ಸಲ ಹುಳದ ಮಾತು ಎತ್ತಕೂಡದು ಅಂತ ಅಮ್ಮ ಬಸ್ಸಿನುದ್ದಕ್ಕೂ ಹೇಳಿದ್ದಳು. ಆದರೂ ರಿಜಿಸ್ಟರಿನಲ್ಲಿ ಕುಣಿಗಲ್ ಪುಟ ಖಾಲಿ ಇದ್ದದ್ದರಿಂದ ಜೇಬಿನಲ್ಲಿ ಒಂದು ಸೀಸೆ ಇಟ್ಟುಕೊಂಡಿದ್ದೆ.

ನನ್ನನ್ನು ಬೆತ್ತದ ಕುರ್ಚಿಯಲ್ಲಿ ಕೂರಿಸಿ, ಅದರ ಜೋಡಿ ಕುರ್ಚಿಯಲ್ಲಿ ಹುಡುಗಿಯ ಅಪ್ಪ ಕೂತರು. ಹುಡುಗಿ ಉಪ್ಪಿಟ್ಟು ಕೊಟ್ಟು ಬಾಗಿಲ ಹತ್ತಿರ ನಿಂತಳು. ತಲೆ ಎತ್ತಿ ನೋಡಬೇಕು, ಅಷ್ಟರಲ್ಲಿ ತೊಡೆಯ ಹಿಂದೆ ಚುರ್ ಅಂತು. ಯಾರಿಗೂ ಕಾಣದಂತೆ ಬೆತ್ತದ ಸಂದಿಗೆ ಬೆರಳು ಹಾಕಿದೆ. ಸಿಕ್ಕೇಬಿಟ್ಟಿತು. ಸೀಸೆಗೆ ಹಾಕಿ ಮುಚ್ಚಳ ತಿರುಗಿಸುವಾಗ ನನ್ನ ಮುಖದಲ್ಲಿ ಎಂಥ ಸಂತೋಷ ಇತ್ತೋ, ಹುಡುಗಿಯ ಅಪ್ಪ ಹತ್ತಿರ ಬಗ್ಗಿ ಮೆಲ್ಲಗೆ ಕೇಳಿದರು: "ಹಿಡಿಸ್ತಾ ಮೇಷ್ಟ್ರೇ?"

ಇವರಿಗೆ ಗೊತ್ತಾಯ್ತಲ್ಲ ಅಂತ ನನಗೆ ಸಮಾಧಾನವಾಯಿತು. "ಹಿಡಿದೆ ಸಾರ್. ಒಳಗೆ ಇನ್ನೂ ಎರಡಾದ್ರೂ ಇರಬೇಕಲ್ಲ, ನೋಡಬಹುದಾ?"

ಅವರ ಮುಖ ಸಪ್ಪಗಾಯಿತು. "ದೊಡ್ಡವಳಿಗೆ ಮದುವೆ ಆಗಿದೆ," ಅಂದರು. "ಚಿಕ್ಕವಳು ಇನ್ನೂ ಎಸ್ಸೆಸ್ಸೆಲ್ಸಿ."

ತಿಗಣೆಗೂ ಎಸ್ಸೆಸ್ಸೆಲ್ಸಿಗೂ ಏನು ಸಂಬಂಧವೋ ನನಗೆ ತಿಳಿಯಲಿಲ್ಲ. ಅಮ್ಮ ಕಣ್ಣು ಮುಚ್ಚಿಕೊಂಡು ಕೂತಿದ್ದಳು. ಮೂರನೇ ಸಂಬಂಧವೂ ಹೋಯ್ತು ಅಂತ ಅವಳಿಗೆ ಖಾತ್ರಿಯಾಗಿತ್ತು.

ಆಗ ಹುಡುಗಿ ಬಾಯಿಬಿಟ್ಟಳು. ಇವತ್ತು ನನ್ನ ಹೆಂಡತಿಯಾಗಿರುವವಳ ಬಾಯಿಂದ ನಾನು ಕೇಳಿದ ಮೊದಲ ಮಾತು ಅದು.

"ಅಪ್ಪಾ, ಅವ್ರು ಕೇಳ್ತಿರೋದು ನಮ್ಮನ್ನಲ್ಲ, ಕುರ್ಚೀಲಿರೋದನ್ನ. ಒಳಗೆ ಹೋಗೋದೇನೂ ಬೇಡ, ನೀವೇ ಸ್ವಲ್ಪ ಎದ್ದೇಳಿ."